ಕೆಂಬೂತದ ಕಣ್ಣು

ಅವೆನ್ಯೂ ರಸ್ತೆಯ ಒಳಸಂದಿಯಲ್ಲಿ ದಸ್ತಗೀರ್ ಸಾಬರ ಕಟ್ಟಿನಂಗಡಿ.
ಅಟ್ಟದ ಮೇಲೆ ನನ್ನ ಮೇಜು, ಒಂದು ದೀಪ, ಒಂದು ಭೂತಗನ್ನಡಿ,
ಅಳಿಲಿನ ಕೂದಲ ಕುಂಚ, ಮೈದಾ ಅಂಟು.
ಕೆಳಗೆ ಗರಗಸ ಆಡಿದಾಗಲೆಲ್ಲ
ಮೇಜಿನ ಮೇಲಿನ ಹಕ್ಕಿಗಳು ಸ್ವಲ್ಪ ನಡುಗುತ್ತವೆ.

ಈ ಸಲ ಹನ್ನೆರಡು.
ಯಾವುದೋ ಹಳೆಯ ಪುಸ್ತಕದಿಂದ ಬ್ಲೇಡಿನಲ್ಲಿ ಕುಯ್ದ ಹಾಳೆಗಳು.
ಎಡದಂಚಿನಲ್ಲಿ ಹೊಲಿಗೆಯ ತೂತು ಇನ್ನೂ ಇವೆ.
ಬೆರಳಾಡಿಸಿದರೆ ಸಿಗುತ್ತದೆ
ತಾಮ್ರದ ತಗಡು ಒತ್ತಿದ ತಗ್ಗು.

ಏಳನೆಯದು ಕೆಂಬೂತ.
ನವಿಲು ಕುಣಿದದ್ದು ನೋಡಿ ತಾನೂ ಕುಣಿಯಿತು ಅಂತ
ಗಾದೆ ಕಟ್ಟಿ ನಕ್ಕೆವಲ್ಲ, ಅದೇ.
ಇಲ್ಲಿ ಕುಣಿಯುತ್ತಿಲ್ಲ.
ಯಾವ ಮರದ್ದೂ ಅಲ್ಲದ ಒಣ ಕೊಂಬೆಯ ಮೇಲೆ
ಫೋಟೋಗೆ ನಿಂತ ಮದುಮಗನ ಹಾಗೆ ಬಿಗಿದುಕೊಂಡಿದೆ.
ರೆಕ್ಕೆಗೆ ಇಟ್ಟಿಗೆಗೆಂಪು, ಎರಡು ಸಲ ಬಳಿದದ್ದು.
ಎದೆಯ ಕಪ್ಪಿಗೆ ಗೋಂದು ಬೆರೆಸಿದ್ದಾರೆ,
ದೀಪ ಓರೆ ಹಿಡಿದರೆ ಎಣ್ಣೆ ಹಾಕಿದ ತಲೆಯಂತೆ ಹೊಳೆಯುತ್ತದೆ.
ಬಾಲದ ಒಂದೊಂದು ಗೀರೂ ಉಳಿಯ ಕೆಲಸ,
ಕೈ ತಪ್ಪಿದರೆ ತಾಮ್ರ ಕ್ಷಮಿಸುವುದಿಲ್ಲ.

ಕಣ್ಣು ಮಾತ್ರ ಹಳದಿ.
ತೆಳು, ಕಾಮಾಲೆ ಬಂದವರ ಹಳದಿ.

ನಮ್ಮ ಮನೆ ಹಿಂದೆ, ಕೋರ್ಟಿನಲ್ಲಿರುವ ಸೈಟಿನಲ್ಲಿ,
ಲಂಟಾನದೊಳಗೆ ಒಂದು ಇದೆ.
ಬೆಳಿಗ್ಗೆ ನೀರು ಬರುವ ಹೊತ್ತಿಗೆ
ಊಪ್ ಊಪ್ ಊಪ್ ಎಂದು ಖಾಲಿ ಕೊಡ ಬಡಿಯುತ್ತದೆ.
ಓತಿಕೇತ ಹಿಡಿಯಲು ಇಳಿದಾಗ ಹತ್ತಿರದಿಂದ ಕಂಡಿದ್ದೇನೆ:
ಎರಡು ಗುಲಗಂಜಿ.

ಅವರಿಗೆ ಹೇಗೆ ಗೊತ್ತಾಗಬೇಕು?
ಇಲ್ಲೇ ದಂಡಿನ ಕಡೆ, ಈಗ ಇಲ್ಲದ ಯಾವುದೋ ಕೆರೆ ಏರಿಯ ಮೇಲೆ
ಸಾಹೇಬನೊಬ್ಬ ಸಣ್ಣ ಚರೆ ಹಾಕಿ ಹೊಡೆದಿರಬೇಕು.
ಚರ್ಮ ಬಿಡಿಸಿ, ಪಾಷಾಣ ಸವರಿ,
ಕಣ್ಣಿನ ಜಾಗದಲ್ಲಿ ಹತ್ತಿ ತುಂಬಿ
ಹಡಗಿಗೆ ಕೊಟ್ಟಿರಬೇಕು.
ಕಾಲಿಗೆ ಕಟ್ಟಿದ ಚೀಟಿಯಲ್ಲಿ ಊರ ಹೆಸರು, ತಾರೀಖು.
ಕಣ್ಣಿನ ಬಣ್ಣ ಬರೆಯಲು ಮರೆತ.
ಅಥವಾ ಬರೆದಿದ್ದ, ಆ ಮೂಲೆಯನ್ನು ಇಲಿ ತಿಂದಿತು.

ಬಣ್ಣ ಹಾಕುತ್ತಿದ್ದದ್ದು ಮಕ್ಕಳಂತೆ, ಉದ್ದ ಮೇಜಿನ ಸುತ್ತ ಕೂತು.
ಸಾಬರಿಗೆ ಯಾರೋ ಹಳೇ ಗಿರಾಕಿ ಹೇಳಿದ್ದು.
ಒಬ್ಬಳು ಕೆಂಪು ಹಾಕಿ ಪಕ್ಕಕ್ಕೆ ತಳ್ಳುತ್ತಾಳೆ,
ಇನ್ನೊಬ್ಬಳು ಕಪ್ಪು,
ಕೊನೆಯವಳಿಗೆ ದಿನವಿಡೀ ಬರೀ ಕಣ್ಣು.
ಹದ್ದಿನದು ಗೂಬೆಯದು ಗಿಳಿಯದು.
ಅವತ್ತು ಅವಳ ಬಟ್ಟಲಲ್ಲಿ ಉಳಿದದ್ದು ಹಳದಿ.

ಕಾಟನ್‌ಪೇಟೆಯಲ್ಲಿ ನಾನೂ ಎಂಟನೇ ವಯಸ್ಸಿಗೆ
ಊದುಬತ್ತಿ ಹೊಸೆದವಳು, ಸಾವಿರಕ್ಕೆ ಇಷ್ಟು ಅಂತ.
ಯಾವ ದೇವರ ಮುಂದೆ ಉರಿಯುತ್ತದೆ ಎಂದು
ಒಂದು ದಿನವೂ ಕೇಳಲಿಲ್ಲ.
ಅಂಗೈಯ ಕಪ್ಪು ಹೋಗಲು ಮದುವೆಯಾಗಬೇಕಾಯಿತು.

ಹಾಳೆಯ ಕೆಳಗಿನ ಖಾಲಿ ಅಂಚಿನಲ್ಲಿ
ಅದೇ ಇಟ್ಟಿಗೆಗೆಂಪಿನ ಬೆರಳಚ್ಚು ಒಂದಿದೆ.
ನನ್ನ ಕಿರುಬೆರಳು ಪಕ್ಕಕ್ಕಿಟ್ಟು ನೋಡಿದೆ,
ಅದಕ್ಕಿಂತ ಸಣ್ಣದು.

ಶರ್ವಾಣಿ ಮೇಡಂ ಫೋನು, ಸರ್ಜಾಪುರದ ಹೊಸ ಹೋಟೆಲಿನಿಂದ.
"ಆ ಏಳನೇದರ ಕಣ್ಣು ಕೆಂಪು ಮಾಡಿಬಿಡಿ,
ಗೂಗಲ್‌ನಲ್ಲಿ ಕೆಂಪಿದೆ.
ಕೆಳಗೇನೋ ಕಲೆ ಇದೆ, ಅದನ್ನೂ ತೆಗೀರಿ.
ಶುಕ್ರವಾರ ಉದ್ಘಾಟನೆ."

ಕಪ್ಪೆಚಿಪ್ಪಿನಲ್ಲಿ ಕೆಂಪು ಕಲಸಿದೆ.
ಮೂರೇ ಕೂದಲ ಕುಂಚ,
ಉಸಿರು ಬಿಗಿಹಿಡಿದು ಕಣ್ಣಿನ ಹತ್ತಿರಕ್ಕೆ ಒಯ್ದೆ.
ಕೆಳಗೆ ಗರಗಸ ಶುರುವಾಯಿತು, ನಿಂತಿತು,
ಮತ್ತೆ ಶುರುವಾಯಿತು.
ಕುಂಚ ಒಣಗಿತು.

ಹಾಳೆ ಹಿಡಿದು ಏಣಿ ಇಳಿದೆ.
ಸಾಬರು ಕನ್ನಡಕ ಏರಿಸಿ, ಅಂಚು ನೋಡಿ,
ನನ್ನ ಮುಖ ನೋಡಿ, ಯಾಕೆ ಅಂತ ಕೇಳಲಿಲ್ಲ.
"ರಟ್ಟು ಕಾಲಿಂಚು ಅಗಲ ಕುಯ್ತೀನಿ, ಬೆರಳು ಅದರಡಿ ಇರಲಿ.
ಒಳಗಿದ್ದರೆ ಯಾರಪ್ಪಂದೇನು ಹೋಯ್ತು."
"ಕಣ್ಣು?"
"ಗೋಡೆ ಮೇಲೆ ಎತ್ತರಕ್ಕೆ ಹಾಕ್ತಾರೆ ಬಿಡಮ್ಮ."

ಗುರುವಾರ ಹನ್ನೆರಡೂ ಟೆಂಪೋ ಹತ್ತಿದವು.
ಮೇಡಂ ಎಣಿಸಿ, ಗಾಜು ಒರೆಸಿ ನೋಡಿ, ದುಡ್ಡು ಕಳಿಸಿದರು.

ಚಿಪ್ಪಿನಲ್ಲಿ ಆ ಕೆಂಪು ಒಣಗಿ ಕೂತಿದೆ.
ತೊಳೆಯಬೇಕು.